ನೀವು ಕೇಳಿದ್ರಿ: ಚಳೀಲಿ ಸೈಕಲ್, ಓಟ, ಎಷ್ಟು ಹೊದ್ಕೋಬೇಕು?

ಪ್ರಶ್ನೆ: ಸರ್, ಡಿಸೆಂಬರ್‌ನಲ್ಲಿ ಫ್ರೆಂಡ್ಸ್ ಜೊತೆ ನಂದಿ ಬೆಟ್ಟಕ್ಕೆ ಸೈಕಲ್ ಹೊಡ್ದೆ. ಬನಿಯನ್, ಕಾಟನ್ ಟೀಶರ್ಟ್, ಮೇಲೆ ದಪ್ಪ ಸ್ವೆಟರ್, ಎಲ್ಲಾ ಇತ್ತು. ಆದ್ರೂ ಇಳಿಯೋವಾಗ ಹಲ್ಲು ಕಟಕಟ. ಇನ್ನೊಂದು ಸ್ವೆಟರ್ ಬೇಕಿತ್ತಾ?
– ಯಲಹಂಕದ ಓದುಗರು

ಉತ್ತರ: ಬೇಡ ಮಾರಾಯ್ರೇ, ಇದ್ದಿದ್ದೇ ಜಾಸ್ತಿ ಆಯ್ತು. ಹತ್ತೋವಾಗ ಬೆವರು ಸುರಿಸಿದ್ರಲ್ಲ, ಇಳಿಯೋವಾಗ ನಡುಗಿಸಿದ್ದು ಅದೇ. ಬೆಟ್ಟ 1478 ಮೀಟರ್ ಎತ್ತರ, ಹತ್ತೋವಾಗ ಸ್ಪೀಡ್ ಇರಲ್ಲ, ಗಾಳಿ ತಾಗಲ್ಲ, ಮೈ ಒಲೆ ಥರ ಕಾಯ್ತಿರತ್ತೆ, ಕಾಟನ್ ಬನಿಯನ್ ಆ ನೀರೆಲ್ಲಾ ಕುಡಿದು ಬೆನ್ನಿಗೆ ಅಂಟ್ಕೊಂಡಿರತ್ತೆ. ಇಳಿಯೋಕೆ ಶುರು ಮಾಡಿದ್ರೆ ಪೆಡಲ್ ತುಳಿಯೋ ಕೆಲಸಾನೇ ಇಲ್ಲ, ಗಾಳಿ ಮಾತ್ರ ಬಿಡಲ್ಲ. ಹೊರಗೆ 10 ಡಿಗ್ರಿ ಇದ್ರೆ 40 ಕಿ.ಮೀ. ವೇಗದ ಗಾಳೀಲಿ ಮುಖಕ್ಕೆ 6 ಡಿಗ್ರಿ ಥರ ತಾಗತ್ತೆ, ಅದೂ ಒಣ ಚರ್ಮಕ್ಕೆ. ಸ್ವೆಟರ್ ಹೆಣಿಗೆಯಲ್ಲಿ ಗಾಳಿ ಸಲೀಸಾಗಿ ನುಗ್ಗತ್ತೆ.

ನಾನೂ ಒಂದ್ಸಲ ಹಿಂಗೇ ಹೋಗಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕಾಗ್ದೆ ಅರ್ಧ ದಾರೀಲಿ ಇಳಿದು ಕೈ ಕಂಕುಳಲ್ಲಿ ಇಟ್ಕೊಂಡು ನಿಂತಿದ್ದೆ. ಈಗ ಒಳಗೆ ಒಂದು ತೆಳ್ಳಗಿನ ಪಾಲಿಯೆಸ್ಟರ್ ಜೆರ್ಸಿ, ಜೇಬಲ್ಲಿ ಮಡಚಿಟ್ಟ ವಿಂಡ್‌ಚೀಟರ್, ಫುಲ್ ಗ್ಲೌಸ್, ಅಷ್ಟೇ. ವಿಂಡ್‌ಚೀಟರ್ ಮೇಲೆ ಹೋದ್ಮೇಲೇ ಹಾಕ್ಕೊಳ್ಳಿ, ಮೊದಲೇ ಹಾಕಿದ್ರೆ ಒಳಗೇ ಬೆಂದು ಹೋಗ್ತೀರ. ಅದೂ ಇಲ್ವಾ? ಹಳೇ ನ್ಯೂಸ್‌ಪೇಪರ್ ಎದೆ ಮೇಲೆ, ಜೆರ್ಸಿ ಒಳಗೆ ತುರುಕಿ. ತಮಾಷೆ ಅಲ್ಲ, ಯುರೋಪಿನ ರೇಸರ್‌ಗಳು ಆಲ್ಪ್ಸ್ ಇಳಿಯೋಕೆ ಮುಂಚೆ ಇದನ್ನೇ ಮಾಡ್ತಿದ್ರು.

ಪ್ರಶ್ನೆ: ಶಿಕಾಗೋದಲ್ಲಿದೀನಿ, ಲೇಕ್‌ಫ್ರಂಟ್ ಟ್ರೇಲ್‌ನಲ್ಲಿ ಓಡ್ತೀನಿ. ಜನವರೀಲಿ ಮೈನಸ್ 10. ಹುಬ್ಬಳ್ಳಿಯಿಂದ ಅಮ್ಮ ವಿಡಿಯೋ ಕಾಲಲ್ಲಿ ನೋಡಿ ಇಷ್ಟು ತೆಳ್ಳಗಿನ ಬಟ್ಟೇನಾ, ಮಫ್ಲರ್ ಆದ್ರೂ ಸುತ್ಕೋ ಅಂತಾರೆ. ಯಾರು ಸರಿ?
– ಓದುಗರೊಬ್ಬರು

ಉತ್ತರ: ಅರ್ಧ ನೀವು, ಅರ್ಧ ಅಮ್ಮ. ಓಡೋರು ಇರೋದಕ್ಕಿಂತ ಹತ್ತು ಡಿಗ್ರಿ ಬೆಚ್ಚಗಿದೆ ಅಂದ್ಕೊಂಡೇ ಬಟ್ಟೆ ಹಾಕ್ಬೇಕು, ಬಾಗಿಲು ದಾಟಿದ ಮೊದಲ ಹತ್ತು ನಿಮಿಷ ಚಳಿ ಆಗ್ಲೇಬೇಕು, ಆಗ್ಲಿಲ್ಲ ಅಂದ್ರೆ ಜಾಸ್ತಿ ಹಾಕಿದೀರ ಅಂತ ಅರ್ಥ. ಮೈಗೆ ತಾಗಿ ಮೆರಿನೋ ಅನ್ನೋ ಕುರಿಯ ನಯವಾದ ಉಲ್ಲನ್, ಒದ್ದೆ ಆದ್ರೂ ಅಷ್ಟೊಂದು ತಣ್ಣಗಾಗಲ್ಲ, ಅದರ ಮೇಲೆ ತೆಳು ಫ್ಲೀಸ್ (ಮೆತ್ತಗಿನ ಸಿಂಥೆಟಿಕ್ ಬಟ್ಟೆ), ಮೇಲೆ ಗಾಳಿ ತಡೆಯೋ ಜಾಕೆಟ್. ಆದ್ರೆ ನಿಮ್ಮದು ಮಿಷಿಗನ್ ಸರೋವರದ ದಂಡೆ, 20 ಕಿ.ಮೀ. ಗಾಳಿ ಬೀಸಿದ್ರೆ ನಿಮ್ಮ ಮೈನಸ್ 10 ಮುಖಕ್ಕೆ ಮೈನಸ್ 18 ಆಗತ್ತೆ. ಹಂಗಾಗಿ ಹೊರಡೋವಾಗ ಗಾಳಿಗೆ ಎದುರಾಗಿ ಓಡಿ, ವಾಪಸ್ ಬರೋವಾಗ ಅದು ಬೆನ್ನಿಗಿರ್ಲಿ, ಬೆವೆತ ಮೇಲೆ ಎದುರುಗಾಳಿ ಸಿಕ್ಕಿದ್ರೆ ಕಷ್ಟ.

ಕೈಗೆ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗಿರೋ ಮಿಟನ್ ವಾಸಿ. ಎರಡೆರಡು ಸಾಕ್ಸ್ ಹಾಕಿ ಶೂ ಬಿಗಿ ಮಾಡ್ಬೇಡಿ, ರಕ್ತ ಓಡಾಡ್ದೆ ಪಾದ ಇನ್ನೂ ತಣ್ಣಗಾಗತ್ತೆ. ಮೂಗು, ಕಿವಿ ಬಿಳಿಚಿಕೊಂಡು ಸ್ಪರ್ಶ ಹೋಯ್ತು ಅನ್ಸಿದ್ರೆ ತಿಕ್ಕಬೇಡಿ, ತಕ್ಷಣ ಒಳಗೆ ಹೋಗಿ.

ಮಫ್ಲರ್ ವಿಷ್ಯದಲ್ಲಿ ಅಮ್ಮನೇ ಸರಿ, ದಪ್ಪ ಉಣ್ಣೆದು ಮಾತ್ರ ಬೇಡ. ಕೊಳವೆ ಥರ ಕತ್ತಿಗೆ ಏರಿಸ್ಕೊಳ್ಳೋ ತೆಳು ಬಟ್ಟೆ ಬರತ್ತೆ, ಮೂಗಿನ ತನಕ ಎಳ್ಕೊಳ್ಳಿ. ಉಸಿರು ತಾಗಿ ಅಲ್ಲೇ ಮಂಜುಗಟ್ಟತ್ತೆ, ಆಗ ತಿರುಗಿಸಿ ಒಣಗಿದ ಭಾಗ ಬಾಯಿಗೆ ತಂದ್ಕೊಳ್ಳಿ.