ಓಟದಲ್ಲಿ ಸೋತಾಗ ಟಿವಿಯವರ ಮುಂದೆ ಅಳುತ್ತಾಳೆ, ಹೈಸ್ಕೂಲ್ ಮಗಳನ್ನು ಹೇಗೆ ತಯಾರು ಮಾಡಲಿ?

ಅಳು ನಿಲ್ಲಿಸಲು ಹೋಗಬೇಡಿ. ನಾನೂ 400 ಮೀಟರ್ ಓಡಿದವಳು, ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಕಲಿತವಳು. ಮಂಗಳೂರಿನ ಮಂಗಳಾ ಸ್ಟೇಡಿಯಂನಲ್ಲಿ ಒಂದು ಫೈನಲ್. ಕೊನೆಯ ತಿರುವಿನ ತನಕ ನಾನೇ ಮುಂದೆ, ಆಮೇಲೆ ಕಾಲು ಏಳಲೇ ಇಲ್ಲ, ನಾಲ್ಕನೇ ಸ್ಥಾನ. ಗೆರೆ ದಾಟಿ ಬಗ್ಗಿ ನಿಂತಿದ್ದೆ, ಓಟದ ಸ್ಪೈಕ್ಸ್ ಶೂ ಕೂಡ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಒಂದು ಚಾನೆಲ್‌ನವರ ಮೈಕ್ ಬಾಯಿ ಹತ್ತಿರ ಬಂತು. "ಎಲ್ಲಿ ತಪ್ಪಿತು?"

ನಾನು ಅತ್ತುಬಿಟ್ಟೆ. ಅದು ತೊಂದರೆಯೇ ಅಲ್ಲ. ಅಳುತ್ತಾ, "ನಮ್ಮ ಕೋಚ್ ಸರ್ ನನಗೆ ಸ್ಪೀಡ್ ಪ್ರಾಕ್ಟೀಸ್ ಕೊಡ್ಲೇ ಇಲ್ಲ" ಅಂದುಬಿಟ್ಟೆ. ತಪ್ಪಾದದ್ದು ಇಲ್ಲಿ. ಪ್ರಾಕ್ಟೀಸ್ ಕಡಿಮೆ ಆದದ್ದು ನಿಜ, ಬಿಡದೆ ಮಳೆ ಹೊಡೆದಿತ್ತು, ಅದು ಸರ್‌ಗೂ ಗೊತ್ತು ನನಗೂ ಗೊತ್ತು. ಆದರೆ ಅವರ ಹತ್ತಿರ ಕೂತು ಹೇಳಬೇಕಾದ ಮಾತನ್ನು ಮೊದಲು ಊರಿಗೆ ಹೇಳಿದೆ. ದೊಡ್ಡವರು ಕೇಳಿದಾಗ ಸುಮ್ನೆ ನಿಲ್ಲಬಾರದು ಅಂತ ಮನೆಯಲ್ಲಿ ಕಲಿಸಿದ್ದರು, ಹಾಗಾಗಿ "ಈಗ ಬೇಡ" ಅನ್ನಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಉಸಿರು ಸಿಗದೆ, ಹೊಟ್ಟೆ ತೊಳಸುತ್ತಾ ನಿಂತವಳಿಗೆ ಮಾತು ತೂಗಿ ನೋಡಲು ಆಗುತ್ತದಾ? ವಿಡಿಯೋ ಸಂಜೆಯೊಳಗೆ ಎಲ್ಲರ ವಾಟ್ಸಾಪ್‌ನಲ್ಲಿ. ಮಳೆಯ ವಿಷಯ ಅದರಲ್ಲಿ ಎಲ್ಲಿಂದ ಬರಬೇಕು? ಸರ್ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ನನ್ನ ಟೈಮ್ ನೋಡುವುದನ್ನೇ ಬಿಟ್ಟರು. ಮುಂದಿನ ಸೀಸನ್‌ಗೆ ನಾನು ಓಟ ಬಿಟ್ಟೆ.

ಸಾಕ್ಷಿ ಮಲಿಕ್ 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಅಳುತ್ತಲೇ ಮೇಜಿನ ಮೇಲೆ ಶೂ ಇಟ್ಟು ಕುಸ್ತಿ ಬಿಡುತ್ತೇನೆ ಅಂದರು. ಒಲಿಂಪಿಕ್ ಪದಕ ಗೆದ್ದವರು ಅವರು. ಆ ಕಣ್ಣೀರನ್ನು ದುರ್ಬಲತೆ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ಹೋಗುತ್ತೇನೆ. ಟೆನಿಸ್ ಆಟಗಾರ್ತಿ ನವೋಮಿ ಒಸಾಕ 2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಕರ್ತರ ಮುಂದೆ ಬರಲಿಲ್ಲ, 15,000 ಡಾಲರ್ ದಂಡ ಬಿತ್ತು, ಮರುದಿನ ಟೂರ್ನಿಯನ್ನೇ ಬಿಟ್ಟರು. ದೊಡ್ಡ ಟೂರ್ನಿಗಳಲ್ಲಿ ಆ ನಿಯಮ ಉಂಟು, ಒಪ್ಪುತ್ತೇನೆ. ಜಿಲ್ಲಾ ಮಟ್ಟದ ಓಟದಲ್ಲಿ ನಿಮ್ಮ ಮಗಳಿಗೆ ಯಾವ ನಿಯಮ ಮಾರಾಯ್ರೆ?

ಒಂದೇ ಮಾತು ಬಾಯಿಪಾಠ ಮಾಡಿಸಿ: "ಸ್ವಲ್ಪ ಹೊತ್ತು ಬಿಟ್ಟು ಬರ್ತೇನೆ." ಸ್ಪೈಕ್ಸ್ ಬಿಚ್ಚಲಿ, ನೀರು ಕುಡಿಯಲಿ, ಕೋಚ್ ಹತ್ತಿರ ಮಾತಾಡಲಿ. ಆಮೇಲೂ ಅಳು ಬಂದರೆ ಕ್ಯಾಮೆರಾ ಮುಂದೆಯೇ ಅಳಲಿ. ಅವಳಿನ್ನೂ ಹೈಸ್ಕೂಲ್ ಅಲ್ವಾ, ಮೈಕ್ ಹಿಡಿದವರು ಮೊದಲು ನಿಮ್ಮನ್ನು ಕೇಳಬೇಕು. ಓಟ ಮುಗಿಯುವ ಕಡೆಯೇ ನಿಲ್ಲಿ, ಗ್ಯಾಲರಿಯಲ್ಲಿ ಕೂರಬೇಡಿ.