ಪತ್ರಿಕೆಯ ಸ್ಟೈಲ್ ಶೀಟ್ (ಹೆಸರು, ಕಾಗುಣಿತ, ಭಾಷೆ ಹೇಗಿರಬೇಕು ಅಂತ ಹೇಳುವ ಹಾಳೆ) ನಿಯಮವನ್ನು ಯಾವಾಗ ಮೀರಬಹುದು? ಅದಕ್ಕೆ ಎಷ್ಟು ವರ್ಷದ ಅನುಭವ ಬೇಕು?

ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದುವ ವಿಭಾಗದಲ್ಲಿ, ಕೆಲಸ ಮಾಡುವ ನೀವು ಈ ಪ್ರಶ್ನೆ ಕೇಳಿದ್ದೀರಿ. ಧಾರವಾಡದ ವರದಿಗಾರರು ಕಳಿಸಿದ ರೈತರ ಮಾತನ್ನು ನೀವು ಆಡುಮಾತಿನಲ್ಲೇ ಹಾಗೇ ಬಿಟ್ಟಿರಿ. ನಿಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಅದನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿಸಿದರು. "ಮೊದಲು ಐದು ವರ್ಷ ನಿಯಮ ಪಾಲಿಸು, ಆಮೇಲೆ ಮುರಿಯೋ ಮಾತು" ಅಂದರು. ಇದೇ ಮಾತನ್ನು ನನಗೂ ಹಿರಿಯರು ಹೇಳಿದ್ದರು. ನಾನೂ ನನ್ನ ಕೈಕೆಳಗಿನವರಿಗೆ ಹೇಳಿದ್ದೇನೆ, ಅದೂ ಬಹಳ ಗತ್ತಿನಿಂದ. ಅದು ಶುದ್ಧ ಸುಳ್ಳು ಅಂತ ನನಗೆ ಗೊತ್ತಾಗಿದ್ದು ಒಂದು ಸಿಂಗಲ್ ಕಾಲಂ ಸುದ್ದಿಯಿಂದ.

2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತಲ್ಲ, ಅದರ ಮರುದಿನಗಳ ಕಥೆ ಇದು. ಹೆಚ್ಚಿನವು ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾವಣೆ. ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗ ಅಂತ ಕನ್ನಡದಲ್ಲಿ ಮೊದಲಿಂದಲೂ ಬರೆಯುತ್ತಿದ್ದೆವು. ಕನ್ನಡ ಡೆಸ್ಕಿಗೆ ನಿಜವಾಗಿ ಕೆಲಸ ಹಚ್ಚಿದ್ದು ಮುಖ್ಯವಾಗಿ ಎರಡು ಊರು. ಗುಲಬರ್ಗಾ ಹೋಗಿ ಕಲಬುರಗಿ ಆಯಿತು, ಬಿಜಾಪುರ ಹೋಗಿ ವಿಜಯಪುರ ಆಯಿತು. ನಮ್ಮಲ್ಲಿ ಒಂದು ಹಾಳೆಯ ಸೂಚನೆ ಬಂತು: ಇನ್ನು ಮುಂದೆ ಎಲ್ಲ ಕಡೆ ಹೊಸ ಹೆಸರೇ ಬಳಸಬೇಕು. ಒಳ್ಳೆಯ ನಿಯಮವೇ. ಒಂದೇ ಪುಟದಲ್ಲಿ ಒಂದು ಕಡೆ ಬಿಜಾಪುರ, ಇನ್ನೊಂದು ಕಡೆ ವಿಜಯಪುರ ಅಂತಿದ್ದರೆ ಓದುವವರಿಗೆ ಕಿರಿಕಿರಿ.

ನಾನು ಆಗ ರಾತ್ರಿ ಪಾಳಿಯಲ್ಲಿ ಪುಟ ನೋಡಿಕೊಳ್ಳುತ್ತಿದ್ದೆ. ಎಷ್ಟು ಹೇಳಿದರೂ ಕಾಪಿಯಲ್ಲಿ (ಪುಟಕ್ಕೆ ಬರುವ ಸುದ್ದಿಯ ಬರಹದಲ್ಲಿ) ಹಳೇ ಹೆಸರು ನುಸುಳುತ್ತಿತ್ತು. ಬೇಸತ್ತು ಒಂದು ಅಭ್ಯಾಸ ಮಾಡಿಕೊಂಡೆ. ಪುಟ ಬಿಡುವ ಮುಂಚೆ ಕೊನೆಯದಾಗಿ ಫೈಂಡ್-ರಿಪ್ಲೇಸ್ ಹಾಕಿ ಹಳೇ ಹೆಸರನ್ನೆಲ್ಲ ಒಂದೇ ಸಲಕ್ಕೆ ಹೊಸದಕ್ಕೆ ಬದಲಿಸುವುದು.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಡೆಸ್ಕಿನಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವಂಥದ್ದು. ಗುಲಬರ್ಗಾ ಬದಲಿಸಿದರೆ ಅದು ತಾನೇ ಕೂಗಿ ಹೇಳುತ್ತಿತ್ತು. 'ಗುಲಬರ್ಗಾದಲ್ಲಿ' ಅನ್ನುವುದು 'ಕಲಬುರಗಿದಲ್ಲಿ' ಆಗುತ್ತಿತ್ತು. ಕಣ್ಣಿಗೆ ಹೊಡೆಯುತ್ತಿತ್ತು. 'ಕಲಬುರಗಿಯಲ್ಲಿ' ಅಂತ ಕೈಯಲ್ಲೇ ತಿದ್ದಬೇಕಿತ್ತು. ತಿದ್ದುವ ನೆಪದಲ್ಲಿ ಆ ಸಾಲು ಓದುತ್ತಿದ್ದೆವು. ಓದಿದಾಗಲೇ 'ಕಲಬುರಗಿ ವಿಶ್ವವಿದ್ಯಾಲಯ' ಅಂತಾಗಿರುವುದು ಸಿಕ್ಕಿಬೀಳುತ್ತಿತ್ತು. ಊರಿನ ಹೆಸರು ಬದಲಾದರೂ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ಅಂತಲೇ ಉಳಿದಿದೆ ನೋಡಿ. ಆದರೆ ಬಿಜಾಪುರ ಹಾಗಲ್ಲ. ಬಿಜಾಪುರದ, ವಿಜಯಪುರದ. ಬಿಜಾಪುರಕ್ಕೆ, ವಿಜಯಪುರಕ್ಕೆ. ಎರಡೂ 'ಪುರ'. ವಿಭಕ್ತಿ ಪ್ರತ್ಯಯ ಒಂದಿಷ್ಟೂ ಅಲುಗಾಡುವುದಿಲ್ಲ. ಸಾಲು ಓದುವ ಪ್ರಸಂಗವೇ ಬರುವುದಿಲ್ಲ.

ಅವತ್ತು ಏಜೆನ್ಸಿಯಿಂದ ಒಂದು ನಕ್ಸಲ್ ಸುದ್ದಿ ಬಂತು. ಡೇಟ್‌ಲೈನ್, ಅಂದರೆ ಸುದ್ದಿಯ ಮೊದಲಿಗೆ ಹಾಕುವ ಊರು, ಛತ್ತೀಸಗಡದ ರಾಜಧಾನಿ ರಾಯಪುರ. ಛತ್ತೀಸಗಡದಲ್ಲೂ ಒಂದು ಬಿಜಾಪುರ ಇದೆ. ಬಸ್ತರ್ ಭಾಗದ್ದು, 2007ರಲ್ಲಿ ದಂತೇವಾಡದಿಂದ ಬೇರೆಯಾದ ಜಿಲ್ಲೆ. ಅಲ್ಲಿ ಭದ್ರತಾ ಪಡೆಗೂ ನಕ್ಸಲರಿಗೂ ಗುಂಡಿನ ಚಕಮಕಿ. ಅನುವಾದ ಮಾಡಿದ್ದು ಆಗಷ್ಟೇ ಸೇರಿದ್ದ ಟ್ರೈನಿ ಹುಡುಗಿ. 'ಛತ್ತೀಸಗಡದ ಬಿಜಾಪುರ ಜಿಲ್ಲೆಯಲ್ಲಿ' ಅಂತ ಸರಿಯಾಗಿಯೇ ಬರೆದಿದ್ದಳು. ಪುಟದಲ್ಲಿ ಸುದ್ದಿ ಒಂದು ಸಾಲು ಉಕ್ಕುತ್ತಿತ್ತು. ರಾಯಪುರ ಅಂತ ಮೇಲೆ ಇದೆಯಲ್ಲ, ಸಾಕು ಅಂದುಕೊಂಡು 'ಛತ್ತೀಸಗಡದ' ಹೊಡೆದುಹಾಕಿದೆ. ಸುದ್ದಿ ಸರಿಯಾಗಿ ಕೂತಿತು. ಆಮೇಲೆ ಬಿಜಾಪುರ ಕಣ್ಣಿಗೆ ಬಿತ್ತು. 'ಈ ಹುಡುಗಿಗೆ ಎಷ್ಟು ಹೇಳಿದರೂ ಅಷ್ಟೇ' ಅಂತ ಗೊಣಗಿಕೊಂಡು ರಿಪ್ಲೇಸ್ ಒತ್ತಿದೆ. ಪುಟ ಹೋಯಿತು.

ಈ ಕ್ರಮವನ್ನು ನಾನು ಎಷ್ಟು ಸಲ ತಲೆಯಲ್ಲಿ ತಿರುಗಿಸಿದ್ದೇನೋ. ಮೊದಲು ರಿಪ್ಲೇಸ್ ಮಾಡಿ ಆಮೇಲೆ ಸಾಲು ಕತ್ತರಿಸಿದ್ದರೆ 'ಛತ್ತೀಸಗಡದ ವಿಜಯಪುರ' ಅಂತ ಎದುರಿಗೇ ನಿಲ್ಲುತ್ತಿತ್ತು, ಉಳಿದುಕೊಳ್ಳುತ್ತಿದ್ದೆ. ರಾಯಪುರ ಡೇಟ್‌ಲೈನ್ ನೋಡಿ ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಆ ಹುಡುಗಿ ನನ್ನಿಂದ ಮೂರು ಕುರ್ಚಿ ಆಚೆ ಕೂತಿದ್ದಳು. "ಯಾಕಮ್ಮ ಹಳೇ ಹೆಸರು ಬಿಟ್ಟೆ?" ಅಂತ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ ನನ್ನ ಹತ್ತಿರ ನಿಯಮ ಇತ್ತು. ನಿಯಮ ಕೈಯಲ್ಲಿದ್ದಾಗ ಕೇಳಬೇಕು ಅಂತಲೇ ಅನ್ನಿಸುವುದಿಲ್ಲ. ಹೊಸಬಳು, ಮರೆತಿದ್ದಾಳೆ ಅಂತ ತೀರ್ಮಾನ ಆಗಿಹೋಗಿತ್ತು.

ಬೆಳಿಗ್ಗೆ 'ವಿಜಯಪುರ: ನಕ್ಸಲರ ಜತೆ ಗುಂಡಿನ ಚಕಮಕಿ' ಅಂತ ಪೇಪರ್ ಮನೆಮನೆಗೆ ಹೋಯಿತು. ನಮ್ಮ ಜಿಲ್ಲಾ ವರದಿಗಾರರನ್ನು ಊರಿನವರು ಹಾಸಿಗೆಯಿಂದ ಎಬ್ಬಿಸಿದರು. ಪೊಲೀಸರು ಅವರನ್ನೇ ಕರೆದು ಕೇಳಿದರು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, ಅಲ್ಲಿಂದಲೂ ಯಾರೋ ಗಾಬರಿಯಿಂದ ಫೋನ್ ಮಾಡಿದ್ದರಂತೆ. ಮರುದಿನ ತಿದ್ದುಪಡಿ ಹಾಕಿದೆವು. ನನಗೆ ಮೆಮೊ ಬಂತು. ಹೊಸ ಪುರವಣಿಯ ಜವಾಬ್ದಾರಿ ನನಗೆ ಅಂತ ಮಾತಾಗಿತ್ತು, ಅದು ಬೇರೆಯವರ ಪಾಲಾಯಿತು. ವಿಚಾರಣೆಯಲ್ಲಿ ನಾನು ಹೇಳಿದ ಸಮರ್ಥನೆ ಏನು ಗೊತ್ತಾ? 'ಸರ್, ಸ್ಟೈಲ್ ಶೀಟ್ ಪ್ರಕಾರವೇ ಮಾಡಿದ್ದು.' ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಆ ಹುಡುಗಿ ಹೇಳಿದ್ದು ಇಷ್ಟೇ: "ಸರ್, ನಾನು ಬೇಕು ಅಂತಲೇ ಹಾಗೆ ಬಿಟ್ಟಿದ್ದೆ."

ಈಗ ನಿಮ್ಮ ಪ್ರಶ್ನೆ. ಎಷ್ಟು ವರ್ಷದ ಅನುಭವ ಬೇಕು ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಸೇರಿ ತಿಂಗಳು ತುಂಬದ ಟ್ರೈನಿ ಸರಿಯಾಗಿದ್ದಳು, ವರ್ಷಗಟ್ಟಲೆ ಡೆಸ್ಕಿನಲ್ಲಿ ಸವೆದ ನಾನು ತಪ್ಪಿದ್ದೆ. ಅವಳಿಗೆ ಆ ಸುದ್ದಿ ಗೊತ್ತಿತ್ತು, ನನಗೆ ಹಾಳೆ ಗೊತ್ತಿತ್ತು. ಮತ್ತೆ ಅವಳೇನೂ ನಿಯಮ ಮುರಿಯಲಿಲ್ಲ. ಆ ನಿಯಮ ಕರ್ನಾಟಕದ ಊರಿಗೆ ಮಾಡಿದ್ದು, ಬಸ್ತರಿಗಲ್ಲ. 'ಎಲ್ಲ ಕಡೆ' ಅಂತ ಬರೆದವರು ಬಸ್ತರನ್ನು ನೆನೆಸಿಕೊಂಡೇ ಇರಲಿಲ್ಲ.

ಇತಿಹಾಸದ ಲೇಖನಗಳಲ್ಲಿ ಇದು ದಿನಾ ಎದುರಾಗುತ್ತೆ. 1565ರ ತಾಳಿಕೋಟೆ ಯುದ್ಧದ ಬಗ್ಗೆ ಬರೆಯುವಾಗ 'ವಿಜಯಪುರದ ಸುಲ್ತಾನ ವಿಜಯನಗರದ ಮೇಲೆ ಬಂದ' ಅಂತ ಬರೆದು ನೋಡಿ. ಯಾರು ಯಾರ ಮೇಲೆ ಬಂದರು ಅಂತ ಓದುಗ ಎರಡು ಸಲ ಓದಬೇಕು. ಅಲ್ಲಿ ಬಿಜಾಪುರದ ಆದಿಲ್‌ಶಾಹಿ ಅಂತಲೇ ಬರೆಯಿರಿ. ನಿಜಲಿಂಗಪ್ಪನವರು 1956ರ ನವೆಂಬರಿನಲ್ಲಿ ಮುಖ್ಯಮಂತ್ರಿಯಾಗಿದ್ದು ಮೈಸೂರು ರಾಜ್ಯಕ್ಕೆ. ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಇಂದಿನ ಹೆಸರೇ ಹಾಕಿ ಅನ್ನುವ ನಿಯಮ ಇಲ್ಲಿ ಸುಳ್ಳು ಹೇಳಿಸುತ್ತೆ.

ಹಾಗಂತ ಎಲ್ಲವನ್ನೂ ಬಗ್ಗಿಸಲು ಹೋಗಬೇಡಿ. ಆ ಹಾಳೆಯಲ್ಲಿ ಇರುವುದೆಲ್ಲ ಶೈಲಿಯಲ್ಲ. ಅತ್ಯಾಚಾರ ಸಂತ್ರಸ್ತೆಯ ಹೆಸರು ಹಾಕಬಾರದು ಅಂತ ಇರುತ್ತಲ್ಲ, ಅದು ಕಾನೂನು. ಮೊದಲು ಐಪಿಸಿ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆ. ಹೆಸರು ಬಿಟ್ಟು ಊರು, ಶಾಲೆ, ಅಪ್ಪನ ಅಂಗಡಿ ಹೇಳಿದರೂ ಗುರುತು ಸಿಕ್ಕೇ ಸಿಗುತ್ತೆ. ಅಲ್ಲಿ ನಿಮ್ಮ ಜಾಣತನ ಬೇಡ. ಇನ್ನು 'ಹೀಗೆ ಬರೆದರೆ ಚೆನ್ನಾಗಿ ಕೇಳಿಸುತ್ತೆ' ಅಂತ ನಿಯಮ ಮೀರುವವರು ಇದ್ದಾರೆ. ಅವರ ಜತೆ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ. ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ, ಜತೆಯೋ ಜೊತೆಯೋ, ಇದರಲ್ಲೆಲ್ಲ ಸುಮ್ನೆ ಹಾಳೆ ಹೇಳಿದ ಹಾಗೆ ಮಾಡಿ ಮುಂದೆ ಹೋಗಿ.

ಮೀರುವಾಗ ಮಾತ್ರ ಒಂದು ಕೆಲಸ ಮಾಡಲೇಬೇಕು. ಕಾಪಿಯ ತಲೆಯ ಮೇಲೆ ಬರೆದಿಡಿ: 'ಇದು ಛತ್ತೀಸಗಡದ್ದು, ಬದಲಿಸಬೇಡಿ' ಅಂತ. ಆ ಹುಡುಗಿ ಮಾಡದೇ ಇದ್ದದ್ದು ಅದೊಂದೇ. ನಿಮ್ಮ ನಂತರ ಕಾಪಿ ಮುಟ್ಟುವವರಿಗೆ ನಿಮ್ಮ ತಲೆಯಲ್ಲಿ ಏನಿತ್ತು ಅಂತ ಗೊತ್ತಾಗುವುದಿಲ್ಲ. ಅವರಿಗೆ ಕಾಣುವುದು ಒಂದು ತಪ್ಪು ಮಾತ್ರ. ನನ್ನಂಥವರು ಪ್ರತಿ ಡೆಸ್ಕಿನಲ್ಲೂ ಒಬ್ಬರಿರುತ್ತಾರೆ.

ರೈತರ ಮಾತಿಗೆ ಬರೋಣ. "ಮಳಿ ಆಗಿಲ್ರಿ, ಬಿತ್ತಿದ್ದೆಲ್ಲ ಒಣಗಿ ಹೋಗೇತಿ" ಅನ್ನುವುದನ್ನು 'ಮಳೆಯಾಗಿಲ್ಲ, ಬಿತ್ತಿದ್ದೆಲ್ಲ ಒಣಗಿಹೋಗಿದೆ' ಅಂತ ಮಾಡಿದರೆ ಮಾಹಿತಿ ಉಳಿಯುತ್ತೆ, ಮನುಷ್ಯ ಹೋಗುತ್ತಾರೆ. ನಾನು ನಿಮ್ಮ ಪಕ್ಷ. ಆದರೆ ನಿಮ್ಮದೇ ಕಾಪಿಯನ್ನು ಇನ್ನೊಮ್ಮೆ ನೋಡಿ. ಅದೇ ವರದಿಯಲ್ಲಿ ಕೃಷಿ ಅಧಿಕಾರಿಯ ಮಾತೂ ಇದೆಯಾ? ಅವರೂ ಅದೇ ಧಾರವಾಡದವರೇ ಆಗಿದ್ದು, 'ಪರಿಹಾರ ಕೊಡ್ತೀವ್ರಿ' ಅಂತಲೇ ಹೇಳಿದ್ದು, ನಾವು ಅದನ್ನು 'ಪರಿಹಾರ ನೀಡಲಾಗುವುದು ಎಂದು ತಿಳಿಸಿದರು' ಮಾಡಿದರೆ? ಆಗ ರೈತರ ಮಾತು ಹಾಗೇ ಬಿಟ್ಟಿದ್ದು ಗೌರವ ಅನ್ನಿಸುವುದಿಲ್ಲ, ತಮಾಷೆ ಅನ್ನಿಸುತ್ತೆ. ಇಬ್ಬರದ್ದೂ ಹಾಗೇ ಬಿಡಿ, ಇಲ್ಲ ಇಬ್ಬರದ್ದೂ ತಿದ್ದಿ. ನಿಮ್ಮ ಚೀಫ್ ಸಬ್‌ಗೆ ಇರುವ ಭಯ ಬಹುಶಃ ಇದೇ, ಹೇಳಲು ಬಂದಿಲ್ಲ ಅಷ್ಟೇ. ಅವರ ಮುಂದೆ ಇಬ್ಬರ ಮಾತನ್ನೂ ಇಟ್ಟು ಕೇಳಿ, ಜಗಳ ಅರ್ಧ ಕಡಿಮೆಯಾಗುತ್ತೆ.

ಅಷ್ಟಾದರೂ ಅವರು ಒಪ್ಪದಿದ್ದರೆ ಗ್ರಂಥಸ್ಥ ಕನ್ನಡಕ್ಕೇ ಬದಲಿಸಿ. ಆದರೆ ಉದ್ಧರಣ ಚಿಹ್ನೆ ತೆಗೆದುಹಾಕಿ. 'ಮಳೆಯಾಗಿಲ್ಲ, ಬಿತ್ತಿದ್ದೆಲ್ಲ ಒಣಗಿಹೋಗಿದೆ ಎಂದು ರೈತರು ಅಳಲು ತೋಡಿಕೊಂಡರು' ಅಂತ ಹೋಗಲಿ. ಇದನ್ನು ಯಾವ ಸ್ಟೈಲ್ ಶೀಟೂ ಬೇಡ ಅನ್ನುವುದಿಲ್ಲ, ರೈತರ ಬಾಯಲ್ಲಿ ನಮ್ಮ ಮಾತು ತುರುಕಿದ ಹಾಗೂ ಆಗುವುದಿಲ್ಲ. 'ಅಳಲು ತೋಡಿಕೊಂಡರು' ಬದಲು ಸುಮ್ನೆ 'ಹೇಳಿದರು' ಅಂತ ಹಾಕಿದರೆ ಇನ್ನೂ ಒಳ್ಳೆಯದು.