‘ಕಾನ್ವೆಂಟಿನಲ್ಲಿ ಓದಿದರು’ ಎಂಬ ಒಂದು ವಾಕ್ಯದ ಬಗ್ಗೆ

ಮಾನ್ಯರೇ,

ಆಸ್ಟ್ರೇಲಿಯಾದ ಅಬಾರಿಜಿನಲ್, ಅಂದರೆ ಅಲ್ಲಿನ ಮೂಲನಿವಾಸಿ ಜನರ, ನಟಿ ಜಸ್ಟೀನ್ ಸಾಂಡರ್ಸ್ ಅವರನ್ನು ಕುರಿತು ನೀವು ಕಳುಹಿಸಿದ ವ್ಯಕ್ತಿಚಿತ್ರವನ್ನು ಎರಡು ಬಾರಿ ಓದಿದೆ. ಕನ್ನಡದಲ್ಲಿ ಹೆಚ್ಚು ಜನ ಮುಟ್ಟದ ವಿಷಯವನ್ನು ಆರಿಸಿಕೊಂಡಿದ್ದೀರಿ, ಶ್ರದ್ಧೆಯಿಂದ ಮಾಹಿತಿ ಕೂಡಿಸಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನೀವು ಇದನ್ನು ಮತ್ತೆ ಬರೆಯಬೇಕೆಂಬ ಆಸೆ ಇರುವುದರಿಂದಲೇ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯ ಪುಟದ ಒಂದು ವಾಕ್ಯ: ‘ಹನ್ನೊಂದನೆಯ ವಯಸ್ಸಿನಲ್ಲಿ ಬ್ರಿಸ್ಬೇನ್‌ನ ಕಾನ್ವೆಂಟಿಗೆ ಸೇರಿ ಅಲ್ಲಿಯೇ ಓದಿದರು.’ ಇಂಗ್ಲಿಷ್ ಮೂಲದಲ್ಲಿದ್ದ ಪದವನ್ನು ನೀವು ಹಾಗೆಯೇ ಉಳಿಸಿಕೊಂಡಿರಬೇಕು. ಆದರೆ ಕನ್ನಡದ ಓದುಗರಿಗೆ ಕಾನ್ವೆಂಟ್ ಎಂದರೆ ಇಂಗ್ಲಿಷ್ ಮಾಧ್ಯಮದ ಶಾಲೆ, ಟೈ ಕಟ್ಟಿಕೊಂಡು ಹೋಗುವ ಮಕ್ಕಳು, ಸಾಲ ಮಾಡಿಯಾದರೂ ಶುಲ್ಕ ಹೊಂದಿಸುವ ಅಪ್ಪ ಅಮ್ಮ. ಸಾಂಡರ್ಸ್ ಅವರ ಬಾಲ್ಯದಲ್ಲಿ ಇದಾವುದೂ ಇರಲಿಲ್ಲ. ಅವರನ್ನು ತಾಯಿ ಹೆದರ್ ಅವರಿಂದ ಬೇರ್ಪಡಿಸಿ ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ಒಯ್ಯಲಾಯಿತು. ‘ಸೇರಿದರು’ ಎಂದು ಬರೆದಾಗ ವಾಕ್ಯದ ಕರ್ತೃ ಆ ಹುಡುಗಿಯಾಗುತ್ತಾಳೆ, ತನ್ನ ಇಚ್ಛೆಯಿಂದ ಹೆಜ್ಜೆಯಿಟ್ಟವಳಾಗುತ್ತಾಳೆ. ಇಲ್ಲಿ ಕರ್ತೃಸ್ಥಾನದಲ್ಲಿ ನಿಲ್ಲಬೇಕಾದದ್ದು ಪ್ರಭುತ್ವ. ಒಂದು ಕ್ರಿಯಾಪದ ತಪ್ಪಿದ್ದರಿಂದ ಮುಂದಿನ ಐದು ಪುಟಗಳ ದಿಕ್ಕೇ ತಪ್ಪಿದೆ.

ಅಬಾರಿಜಿನಲ್ ಮಕ್ಕಳನ್ನು ಕುಟುಂಬಗಳಿಂದ ಬಲವಂತವಾಗಿ ಬೇರ್ಪಡಿಸಿದ ನೀತಿಯ ಬಗ್ಗೆ ನಡೆದ ರಾಷ್ಟ್ರೀಯ ವಿಚಾರಣೆಯ ವರದಿ 1997ರಲ್ಲಿ ಹೊರಬಂತು. 1910ರಿಂದ 1970ರವರೆಗಿನ ಅವಧಿಯಲ್ಲಿ ಹೀಗೆ ಕಸಿಯಲ್ಪಟ್ಟ ಮಕ್ಕಳ ಪ್ರಮಾಣ ಹತ್ತರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲ, ಮೂರರಲ್ಲಿ ಒಂದರಷ್ಟೂ ಇರಬಹುದು ಎಂದು ಅದು ಅಂದಾಜಿಸಿತು. ಆ ಮಕ್ಕಳನ್ನೇ ‘ಕದ್ದೊಯ್ದ ಪೀಳಿಗೆಗಳು’ ಎಂದು ಕರೆಯುತ್ತಾರೆ. 2000ದಲ್ಲಿ ಪ್ರಧಾನಿ ಜಾನ್ ಹೊವರ್ಡ್ ಸರ್ಕಾರದ ಸಚಿವ ಜಾನ್ ಹೆರನ್, ಬೇರ್ಪಟ್ಟ ಮಕ್ಕಳು ಶೇಕಡಾ 10ನ್ನು ಮೀರುವುದಿಲ್ಲವಾದ್ದರಿಂದ ಅದನ್ನು ‘ಪೀಳಿಗೆ’ ಎನ್ನಲಾಗದು ಎಂಬ ವಾದವನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಮುಂದಿಟ್ಟರು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯಿಂದ ದೂರವಾಗಿದ್ದ ಸಾಂಡರ್ಸ್, 1991ರಲ್ಲಿ ತಮಗೆ ಸಂದಿದ್ದ ‘ಆರ್ಡರ್ ಆಫ್ ಆಸ್ಟ್ರೇಲಿಯಾ’ ಪದಕವನ್ನು ಸೆನೆಟರ್ ಏಡನ್ ರಿಡ್ಜ್‌ವೇ ಅವರ ಮೂಲಕ ಹಿಂದಿರುಗಿಸಿದ್ದು ಈ ಮಾತಿನ ಹಿನ್ನೆಲೆಯಲ್ಲಿ. ನಿಮ್ಮ ಲೇಖನದಲ್ಲಿ ಈ ಪ್ರಸಂಗ ಕೊನೆಯ ಪುಟದ ಅರ್ಧ ಸಾಲು: ‘ಕಾರಣಾಂತರಗಳಿಂದ ಪದಕವನ್ನು ಮರಳಿಸಿದರು.’ ಕಾರಣಾಂತರ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ. ಕಾರಣ ಒಂದೇ ಇತ್ತು, ಅದನ್ನು ಅವರು ಬಹಿರಂಗವಾಗಿ ಹೇಳಿದ್ದರು. ನನ್ನ ಮಟ್ಟಿಗೆ ಇಡೀ ಲೇಖನ ಹುಟ್ಟಬೇಕಾದದ್ದು ಈ ಘಟನೆಯಿಂದ. ಇಲ್ಲಿಂದ ಆರಂಭಿಸಿ ಹಿಂದಕ್ಕೆ ಹೋಗಿ, ಕ್ಯಾಪ್ಟನ್ ಕುಕ್‌ನಿಂದ ತೊಡಗುವ ಮೊದಲ ಒಂದೂವರೆ ಪುಟವನ್ನು ಬಿಟ್ಟುಬಿಡಿ.

ಬಿಡುವಾಗ 1967ರ ಜನಮತಗಣನೆಯ ವಿಷಯವೂ ತಾನಾಗಿ ಹೋಗುತ್ತದೆ. ಉಳಿಸಿಕೊಳ್ಳುವುದಾದರೆ ತಿದ್ದಿ. ಆಗ ಅಬಾರಿಜಿನಲ್ ಜನರಿಗೆ ಮತದಾನದ ಹಕ್ಕು ದೊರೆಯಿತೆಂದು ಬರೆದಿದ್ದೀರಿ. ರಾಷ್ಟ್ರೀಯ ಚುನಾವಣೆಗಳಲ್ಲಿ ಆ ಹಕ್ಕು 1962ರಲ್ಲೇ ಎಲ್ಲರಿಗೂ ಬಂದಿತ್ತು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚುನಾವಣೆಗಳಲ್ಲಿ 1965ರಲ್ಲಿ. 1967ರಲ್ಲಿ ಆದದ್ದು ಬೇರೆ: ಅವರನ್ನು ದೇಶದ ಜನಸಂಖ್ಯೆಯ ಲೆಕ್ಕದಿಂದ ಹೊರಗಿಡುತ್ತಿದ್ದ ವಿಧಿ ರದ್ದಾಯಿತು, ಅವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೆ ಬಂತು.

‘ಆದಿವಾಸಿ ನಟಿ’ ಎಂಬ ನಿಮ್ಮ ಅನುವಾದವೂ ನನಗೆ ಒಪ್ಪಿಗೆಯಾಗಲಿಲ್ಲ. ಆ ಪದ ಕೇಳಿದೊಡನೆ ನಮ್ಮವರ ಮನಸ್ಸು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಡೆಗೋ ನಾಗರಹೊಳೆಯ ಜೇನುಕುರುಬರ ಕಡೆಗೋ ಹೋಗುತ್ತದೆ. ಅವರ ಚರಿತ್ರೆ ಬೇರೆ, ಇವರ ಚರಿತ್ರೆ ಬೇರೆ. ‘ಅಬಾರಿಜಿನಲ್’ ಎಂದೇ ಬರೆಯಿರಿ, ಅದಕ್ಕಿಂತ ಮುಖ್ಯವಾಗಿ ಅವರು ಯಾವ ಜನಕ್ಕೆ ಸೇರಿದವರೆಂದು ಹೇಳಿ. ಸಾಂಡರ್ಸ್ ವೊಪ್ಪಬುರ್ರಾ ಜನರವರು. ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಕೆಪೆಲ್ ದ್ವೀಪಗಳು ಆ ಜನರ ನೆಲ, ಅಲ್ಲಿ ಉಳಿದಿದ್ದ ಕೊನೆಯವರನ್ನು 1902ರಲ್ಲಿ ಎಬ್ಬಿಸಿ ಸಾಗಿಸಲಾಯಿತು. 1953ರಲ್ಲಿ ಸಾಂಡರ್ಸ್ ಹುಟ್ಟಿದ್ದು ಸಮುದ್ರದಿಂದ ಬಹುದೂರದ ಒಳನಾಡಿನ ಕ್ವಿಲ್ಪಿಯ ಬಳಿ. ದ್ವೀಪದ ಜನರ ಮಗಳೊಬ್ಬಳು ಒಣಭೂಮಿಯಲ್ಲಿ ಹುಟ್ಟಿದ್ದನ್ನು ನೀವು ಬರಿಯ ಜನ್ಮಸ್ಥಳವಾಗಿ ದಾಖಲಿಸಿ ಮುಂದೆ ಸಾಗಿದ್ದೀರಿ. ನೆಲದಿಂದ, ತಮ್ಮವರಿಂದ ಬೇರ್ಪಡಿಸುವುದು ಸಾಂಡರ್ಸ್ ಅವರ ಬದುಕಿನಲ್ಲೇ ಮೊದಲಿಗೆ ಶುರುವಾದದ್ದಲ್ಲ ಎಂಬುದು ಅಲ್ಲಿ ಕಾಣುತ್ತಿತ್ತು.

ಇನ್ನು ಅಭಿನಯದ ಭಾಗ. ‘ಆಸ್ಟ್ರೇಲಿಯಾದ ಚಿತ್ರರಂಗದ ಮೊದಲ ಅಬಾರಿಜಿನಲ್ ನಾಯಕಿ’ ಎಂಬುದು ಸರಿಯಲ್ಲ. 1955ರ ‘ಜೆಡ್ಡಾ’ ಚಿತ್ರದಲ್ಲಿ ನ್ಗಾರ್ಲಾ ಕುನೋತ್ ಆ ಸ್ಥಾನದಲ್ಲಿ ನಿಂತಾಗ ಸಾಂಡರ್ಸ್ ಎರಡು ವರ್ಷದ ಮಗು. ನಂತರ ನೀವು ಹದಿನೆಂಟು ಚಿತ್ರ, ಧಾರಾವಾಹಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ‘ನಂಬರ್ 96’, ‘ಪ್ರಿಸನರ್’, ‘ವಿಮೆನ್ ಆಫ್ ದ ಸನ್’ ಎಲ್ಲವೂ ಅಲ್ಲಿವೆ, ಒಂದು ಪಾತ್ರವೂ ಕಣ್ಣಿಗೆ ಕಟ್ಟುವುದಿಲ್ಲ. ಎರಡನ್ನೇ ಆರಿಸಿಕೊಳ್ಳಿ. ಮೊದಲನೆಯದು ರಂಗಭೂಮಿಯಿಂದ: ಅಬಾರಿಜಿನಲ್ ನಾಟಕಕಾರ ರಾಬರ್ಟ್ ಮೆರಿಟ್ ಜೈಲಿನಲ್ಲಿದ್ದಾಗ ಬರೆದ ‘ದ ಕೇಕ್ ಮ್ಯಾನ್’ 1975ರಲ್ಲಿ, ಅಬಾರಿಜಿನಲ್ ಜನರು ನೆಲೆಸಿದ್ದ ಸಿಡ್ನಿಯ ಬಡಾವಣೆ ರೆಡ್‌ಫರ್ನ್‌ನ ಬ್ಲ್ಯಾಕ್ ಥಿಯೇಟರಿನಲ್ಲಿ ರಂಗಕ್ಕೇರಿತು, ಅದರ ರೂಬಿ ಪಾತ್ರ ಸಾಂಡರ್ಸ್ ಅವರದು. ತಮ್ಮ ಕಥೆಯನ್ನು ತಾವೇ ಬರೆದು, ತಮ್ಮದೇ ಬಡಾವಣೆಯಲ್ಲಿ, ತಾವೇ ಆಡುವ ಹಟ ಆ ರಂಗಭೂಮಿಯದು. ನಿಮ್ಮ ಲೇಖನದಲ್ಲಿ ರೆಡ್‌ಫರ್ನ್ ಎಂಬ ಹೆಸರೇ ಇಲ್ಲ.

ಎರಡನೆಯದು 1986ರ ‘ದ ಫ್ರಿಂಜ್ ಡ್ವೆಲ್ಲರ್ಸ್’. ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ, ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋದ ಈ ಚಿತ್ರದಲ್ಲಿ ಸಾಂಡರ್ಸ್ ಮಾಲಿ ಎಂಬ ಹೆಸರಿನ ತಾಯಿಯ ಪಾತ್ರ ವಹಿಸಿದರು. ಆಗ ಅವರಿಗೆ ಮೂವತ್ತಮೂರರ ಆಸುಪಾಸು, ಪಾತ್ರಕ್ಕೆ ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳು. ಊರಂಚಿನ ಗುಡಿಸಲಿನಿಂದ ಸರ್ಕಾರದ ಹೊಸ ಮನೆಗೆ ಬಂದ ಕುಟುಂಬ ಅದು. ಬಾಡಿಗೆಯ ಹಣವನ್ನು ಗಂಡ ಜೂಜಿನಲ್ಲಿ ಕಳೆಯುತ್ತಾನೆ, ಬಂಧುಗಳು ಬಂದು ತುಂಬಿಕೊಳ್ಳುತ್ತಾರೆ. ಇಲ್ಲಿ ನೀವು, ‘ತಾಯಿಯನ್ನು ಕಳೆದುಕೊಂಡ ನೋವೇ ಈ ತಾಯಿಯಾಗಿ ಹರಿಯಿತು’ ಎಂದು ಬರೆದಿದ್ದೀರಿ. ಹಾಗೆಂದು ಅವರು ಹೇಳಿದ್ದಕ್ಕೆ ನಿಮ್ಮಲ್ಲಿ ಆಧಾರವಿಲ್ಲದಿದ್ದರೆ ಆ ವಾಕ್ಯವನ್ನು ತೆಗೆಯಿರಿ. ಅದು ನೋವಿನ ಬಗ್ಗೆ ಗೌರವದಂತೆ ಕಂಡರೂ ನಟಿಯ ಕಸುಬಿನ ಬಗ್ಗೆ ಅಗೌರವ. ಎಷ್ಟೋ ವರ್ಷ ದುಡಿದು ಕಲಿತ ಕಲೆಯನ್ನು ಬಾಲ್ಯದ ದುರಂತವೇ ಮಾಡಿಕೊಟ್ಟಿತೆಂದರೆ, ಮಗುವನ್ನು ಕಸಿದವರಿಗೂ ಅದರ ಶ್ರೇಯಸ್ಸಿನಲ್ಲಿ ಪಾಲು ಕೊಟ್ಟಂತಾಗುತ್ತದೆ. ಚಿತ್ರವನ್ನು ಇನ್ನೊಮ್ಮೆ ನೋಡಿ, ಒಂದು ದೃಶ್ಯವನ್ನು ಹಿಡಿದು, ಅವರು ಅಲ್ಲಿ ಏನು ಮಾಡುತ್ತಾರೆಂದು ನೀವೇ ಕಂಡು ಬರೆಯಿರಿ.

ಸಾಂಡರ್ಸ್ 2007ರ ಏಪ್ರಿಲ್ 15ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅಂದಿನ ಪ್ರಧಾನಿ ಕೆವಿನ್ ರಡ್ ಕದ್ದೊಯ್ದ ಪೀಳಿಗೆಗಳ ಕ್ಷಮೆಯನ್ನು ಸಂಸತ್ತಿನಲ್ಲಿ ಕೇಳಿದ್ದು 2008ರ ಫೆಬ್ರುವರಿ 13ರಂದು. ‘ಕಣ್ಣು ಮುಚ್ಚುವ ಮುನ್ನ ನ್ಯಾಯ ಸಿಕ್ಕಿತು’ ಎಂಬ ನಿಮ್ಮ ಮುಕ್ತಾಯ ಈ ಹತ್ತು ತಿಂಗಳನ್ನು ಗಮನಿಸಿಲ್ಲ.

ಲೇಖನದೊಂದಿಗೆ ಹಾಕುವ ಭಾವಚಿತ್ರದ ವಿಷಯ ಕೊನೆಯದಾಗಿ. ಅನೇಕ ಅಬಾರಿಜಿನಲ್ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು ಹೇಳುವುದಕ್ಕೂ ಭಾವಚಿತ್ರ ತೋರಿಸುವುದಕ್ಕೂ ಕಟ್ಟುಪಾಡುಗಳಿವೆ, ಹಾಗಾಗಿ ಆಸ್ಟ್ರೇಲಿಯಾದ ಪತ್ರಿಕೆಗಳು ಲೇಖನದ ತಲೆಯಲ್ಲೇ ಒಂದು ಸೂಚನೆಯನ್ನು ಹಾಕುತ್ತವೆ. ಅಂಥ ಎರಡು ಸಾಲನ್ನು ಕನ್ನಡದಲ್ಲಿ ನೀವೇ ಬರೆದು ಹೊಸ ಪ್ರತಿಯ ಮೇಲ್ಭಾಗದಲ್ಲಿ ಸೇರಿಸಿ. ಒಂದೂವರೆ ಸಾವಿರ ಪದಗಳ ಜಾಗವನ್ನು ನಿಮಗಾಗಿ ತೆಗೆದಿಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ